ಐದು ಸಾವಿರದ ಬಲಗೈ

ಮಧುಗಿರಿ ಕೋರ್ಟಿನ ಎದುರು ಟೈಪ್ ಮಾಡಲು ಕೂತು ನನಗೆ ನಲವತ್ತು ವರ್ಷ ದಾಟಿತು. ಮೊದಲಿಗೆ ಕೈಯಲ್ಲಿ ಕುಟ್ಟುವ ಮೆಷಿನ್ನು, ಈಗ ಕಂಪ್ಯೂಟರು. ಜನ ನನ್ನನ್ನು ಟೈಪಿಂಗ್ ಅಕ್ಕ ಅಂತಲೇ ಕರೆಯುತ್ತಾರೆ. ಪಾಲು ವಿಭಾಗದ ದಾವೆ, ಜೀವನಾಂಶ, ಚೆಕ್ ಬೌನ್ಸು, ಎಲ್ಲವನ್ನೂ ಹೊಡೆದಿದ್ದೇನೆ. ಆದರೆ ಕಣ್ಣು ಮುಚ್ಚಿಕೊಂಡೂ ಹೊಡೆಯಬಲ್ಲದ್ದು ಒಂದೇ, ಆಕ್ಸಿಡೆಂಟ್ ಕೇಸಿನ ಅರ್ಜಿ. ಕೋರ್ಟಿನವರ ಬಾಯಲ್ಲಿ ಅದು ಎಂವಿಸಿ. ಗಾಯಗೊಂಡವರ ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸ, ವಯಸ್ಸು, ಕೆಲಸ, ಕೆಲಸ ಕೊಟ್ಟವರ ಹೆಸರು, ತಿಂಗಳ ಆದಾಯ, ಆದಾಯ ತೆರಿಗೆ ಕಟ್ಟುತ್ತಾರೆಯೇ, ಅಪಘಾತವಾದ ಜಾಗ, ಹೊತ್ತು, ಪೊಲೀಸ್ ಠಾಣೆ, ಆ ವಾಹನದಲ್ಲೇ ಪ್ರಯಾಣ ಮಾಡುತ್ತಿದ್ದರೇ, ಮಾಡುತ್ತಿದ್ದರೆ ಎಲ್ಲಿಂದ ಎಲ್ಲಿಗೆ, ಏನೇನು ಗಾಯ, ಗಾಡಿಯ ನಂಬರು, ಮಾಲೀಕರು, ಇನ್ಶೂರೆನ್ಸ್ ಕಂಪನಿ, ಕೊನೆಗೆ ಕೇಳುವ ಮೊತ್ತ.

ಇಷ್ಟರಲ್ಲಿ ಎರಡು ಕಾಲಂ ಬಂದಾಗ ನಾನು ಬೆರಳು ನಿಲ್ಲಿಸಿ ಎದುರು ಕೂತವರ ಮುಖ ನೋಡುತ್ತೇನೆ. ಒಂದು ಕೆಲಸದ ಕಾಲಂ, ಇನ್ನೊಂದು ಪ್ರಯಾಣದ ಕಾಲಂ. ‘ನೀನು ಯಾರು’ ಅಂತ ಕೇಳುತ್ತದೆ ಮೊದಲನೆಯದು. ‘ನೀನು ಆ ಗಾಡಿಯಲ್ಲಿ ಯಾಕಿದ್ದೆ’ ಅಂತ ಕೇಳುತ್ತದೆ ಎರಡನೆಯದು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಕಡೆ ಬಸ್ಸಿನಿಂದಲೋ ಲಾರಿಯಿಂದಲೋ ಬಿದ್ದು ಕೈಕಾಲು ಮುರಿದುಕೊಂಡವರಿಗೆ ಎಷ್ಟು ಸಿಕ್ಕಿತು, ಸಿಗದೇ ಹೋಯಿತು ಅನ್ನುವುದೆಲ್ಲ ಈ ಎರಡು ಕಾಲಮ್ಮಿನಲ್ಲೇ ತೀರ್ಮಾನವಾಗಿದೆ. ಅದನ್ನು ನಾನು ಕಲಿತದ್ದು ನಮ್ಮ ದೊಡ್ಡವ್ವನ ಬಲಗೈಯಿಂದ.

ನಮ್ಮದು ಚನ್ನರಾಯನದುರ್ಗದ ಬೆಟ್ಟದ ಬುಡದ ಹಳ್ಳಿ. ಮೇಲೆ ಮಧುಗಿರಿ ಪಾಳೆಯಗಾರರ ಕಾಲದ ಕೋಟೆ, ಕೆಳಗೆ ಕಡಲೆಕಾಯಿ, ರಾಗಿ, ಬದುವಿನ ಮೇಲೆ ಹುಣಸೆ ಮರ. ನನ್ನ ಚಿಕ್ಕಂದಿನಲ್ಲಿ ಊರಿಂದ ಹೊರಗೆ ಹೋಗಬೇಕೆಂದರೆ ನಡೆದುಕೊಂಡು ರಸ್ತೆಗೆ ಬಂದು ಖಾಸಗಿ ಬಸ್ಸಿಗೆ ಕಾಯಬೇಕು. ಮೈಸೂರು ಸರ್ಕಾರದ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾಯಿತು, 1961ರ ಆಗಸ್ಟ್ 1ರಿಂದ ಅದು ನಿಗಮವಾಯಿತು. ಆದರೂ ನಮ್ಮ ಕಡೆಯ ಹಳ್ಳಿಗಳಿಗೆ ಬಸ್ಸು ಅಂದರೆ ಖಾಸಗಿ ಬಸ್ಸೇ. ಡ್ರೈವರ್ ಕಂಡಕ್ಟರುಗಳು ಹೆಸರು ಹಿಡಿದು ಮಾತಾಡಿಸುವವರು. ಟಿಕೆಟ್ ಅನ್ನುವ ಚೀಟಿ ಕೈಗೆ ಬಂದರೆ ಬಂತು, ಬಾರದಿದ್ದರೆ ಇಲ್ಲ. ಟಾಪಿನ ಮೇಲೆ ಸೌದೆ, ಕೋಳಿ ಬುಟ್ಟಿ, ಜನ.

1981ರ ಸುಗ್ಗಿ ಕಳೆದ ಮೇಲೆ ದೊಡ್ಡವ್ವ ಕೊರಟಗೆರೆ ಸಂತೆಗೆ ಹೊರಟ ಬಸ್ಸು ತಿರುವಿನಲ್ಲಿ ಮಗುಚಿತು. ಬಲಗೈಯ ಎರಡೂ ಮೂಳೆ ಮೊಣಕೈಗಿಂತ ಸ್ವಲ್ಪ ಕೆಳಗೆ ಮುರಿದವು. ನಮ್ಮವರು ಆಸ್ಪತ್ರೆಗೆ ಹೋಗಲಿಲ್ಲ. ಆ ಕಾಲದಲ್ಲಿ ಮೂಳೆ ಮುರಿದರೆ ನಮ್ಮ ಸೀಮೆಯವರು ಮೊದಲು ಹುಡುಕುತ್ತಿದ್ದದ್ದು ಕಟ್ಟು ಕಟ್ಟುವವರನ್ನು. ಬಿದಿರ ದಬ್ಬೆ, ಸೊಪ್ಪಿನ ರಸ, ಕೋಳಿ ಮೊಟ್ಟೆಯ ಬಿಳಿ ಹಾಕಿ ಪುತ್ತೂರು ಕಟ್ಟು ಕಟ್ಟಿದರು. ಕೈ ಕೂಡಿಕೊಂಡಿತು, ಆದರೆ ಸೊಟ್ಟಗೆ. ಮುಷ್ಟಿ ಪೂರ್ತಿ ಮುಚ್ಚುತ್ತಿರಲಿಲ್ಲ.

ಹುಣಸೆಹಣ್ಣು ಕುಟ್ಟುವುದನ್ನು ನೋಡಿದವರಿಗೆ ಇದರ ಅರ್ಥ ಆಗುತ್ತದೆ. ಎಡಗೈಯಲ್ಲಿ ಹಣ್ಣು ಹಿಡಿದು ಬಲಗೈಯ ಸುತ್ತಿಗೆಯಿಂದ ಏಟು ಹಾಕಿ ಬೀಜ ಬಿಡಿಸಬೇಕು. ಬೆಳಿಗ್ಗೆಯಿಂದ ಸಂಜೆ ತನಕ ಸಾವಿರಾರು ಏಟು. ಕಡಲೆಕಾಯಿ ಕೀಳುವುದು, ಬಿಡಿಸುವುದು, ಕಳೆ ತೆಗೆಯುವುದು, ಎಲ್ಲಕ್ಕೂ ಬಲಗೈ ಮುಷ್ಟಿಯೇ ಬಂಡವಾಳ. ದೊಡ್ಡವ್ವನಿಗೆ ಆಗ ನಲವತ್ತು ವರ್ಷ. ದಿನಕ್ಕೆ ನಾಲ್ಕು ರೂಪಾಯಿ ಕೂಲಿ.

ಬೆಟ್ಟದ ಆಚೆ ಯಾರಿಗೋ ಬಸ್ಸು ಬಿದ್ದದ್ದಕ್ಕೆ ದುಡ್ಡು ಬಂದಿದೆಯಂತೆ ಅನ್ನುವ ಸುದ್ದಿ ಕಿವಿಗೆ ಬೀಳುವ ಹೊತ್ತಿಗೆ ಐದು ತಿಂಗಳಾಗಿತ್ತು. ಅರ್ಜಿ ಹಾಕಲು ಆಗ ಆರು ತಿಂಗಳ ಗಡುವು. ಅದಕ್ಕೂ ಮುಂಚೆ ಇನ್ನೂ ಬಿಗಿ, 1969ರ ತಿದ್ದುಪಡಿಯ ತನಕ ಬರೇ 60 ದಿನ. ಗುಣವಾಗುವುದಕ್ಕೇ ಮೂರು ತಿಂಗಳು ಬೇಕಾದ ಮನುಷ್ಯನಿಗೆ 60 ದಿನದೊಳಗೆ ಕೋರ್ಟಿಗೆ ಬಾ ಅಂದರೆ ಯಾರು ಬಂದಾರು? ನಾನು ಆಗ ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಒಬ್ಬ ಲಾಯರ ಕೈಕೆಳಗೆ ಹೊಸದಾಗಿ ಸೇರಿದ್ದೆ. ನಾನು ಹೊಡೆದ ಮೊದಲ ಎಂವಿಸಿ ಅರ್ಜಿ ದೊಡ್ಡವ್ವನದೇ.

ಆ ಅರ್ಜಿ ಹಾಕುವ ಹಕ್ಕೂ ಅಷ್ಟೇನು ಹಳೆಯದಲ್ಲ. ನಮ್ಮ ಲಾಯರು ಹಳೆಯ ಸಂಸ್ಕೃತ ಓದಿದವರು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗಾಡಿ ಅಪಘಾತದ ನಿಯಮವೇ ಇದೆ ಅಂತ ಒಮ್ಮೆ ಹೇಳಿದರು. ಎತ್ತಿನ ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಮುರಿದರೆ, ಚಕ್ರ ಮುರಿದರೆ ಯಾರಿಗೂ ದಂಡವಿಲ್ಲ. ಇಂಥ ಹತ್ತು ವಿನಾಯಿತಿ. ಗಾಡಿ ಹೊಡೆಯಲು ಬಾರದವನನ್ನು ಇಟ್ಟುಕೊಂಡರೆ ಮಾಲೀಕನಿಗೆ ದಂಡ, ಹೊಡೆಯಲು ಬಲ್ಲವನೇ ತಪ್ಪು ಮಾಡಿದರೆ ಅವನಿಗೆ ದಂಡ. ಇಷ್ಟು ಸರಿ. ಆದರೆ ಬಾರದವನ ಗಾಡಿಯಲ್ಲಿ ಕೂತವರಿಗೂ ತಲೆಗೆ ನೂರು ಪಣ ದಂಡ! ಅಲ್ಲಿ ಪ್ರಯಾಣಿಕ ಪರಿಹಾರ ಪಡೆಯುವವನಲ್ಲ, ತಪ್ಪಿನಲ್ಲಿ ಪಾಲುದಾರ. ಆ ನಿಯಮ ಎಂದೋ ಹೋಯಿತು. ಆ ಅನುಮಾನ ಮಾತ್ರ ಹೋಗಲಿಲ್ಲ. ಅಂಥ ಬಸ್ಸು ಹತ್ತಿದ್ದೇ ನಿನ್ನ ತಪ್ಪು ಅನ್ನುವ ಮಾತನ್ನು ಪಾಟೀ ಸವಾಲಿನಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ.

ಬ್ರಿಟಿಷರ ಕಾಲದಲ್ಲಿ ಸತ್ತವರ ಮನೆಯವರಿಗೆ 1855ರ ಮಾರಕ ಅಪಘಾತಗಳ ಕಾಯ್ದೆ ಇತ್ತು. ಗಾಯಗೊಂಡು ಬದುಕಿದವರು ಸಾಮಾನ್ಯ ಸಿವಿಲ್ ದಾವೆ ಹಾಕಬೇಕು, ಕೇಳುವ ಹಣಕ್ಕೆ ತಕ್ಕಂತೆ ಕೋರ್ಟ್ ಫೀಸು ಕಟ್ಟಬೇಕು. ಕೈ ಮುರಿದು ಕೂಲಿ ಹೋದವರು ಫೀಸಿಗೆ ಎಲ್ಲಿಂದ ತರಬೇಕು? 1939ರ ಮೋಟಾರು ವಾಹನ ಕಾಯ್ದೆ ವಿಮೆಯನ್ನು ಕಡ್ಡಾಯ ಮಾಡುವ ದಾರಿ ತೆರೆಯಿತು. ಬ್ರಿಟಿಷ್ ಇಂಡಿಯಾದಲ್ಲಿ ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಆಕ್ಸಿಡೆಂಟ್ ಕೇಸಿಗೆಂದೇ ಬೇರೆ ನ್ಯಾಯಮಂಡಳಿ, ಹೆಸರಿಗಷ್ಟೇ ಫೀಸು, ಸರಳ ಅರ್ಜಿ ಅನ್ನುವ ಏರ್ಪಾಡು ಬಂದದ್ದು 1956ರ ತಿದ್ದುಪಡಿಯಿಂದ, ಜಾರಿಯಾದದ್ದು 1957ರ ಫೆಬ್ರವರಿ 16ರಿಂದ. ನನ್ನ ಬೆರಳುಗಳಿಗೆ ಅಂಟಿಕೊಂಡ ಕಾಲಂಗಳೆಲ್ಲ ಆಮೇಲಿನವು.

ದೊಡ್ಡವ್ವನ ಕೇಸು ತುಮಕೂರಿನಲ್ಲಿ ನಡೆಯಿತು. ವಾಯ್ದೆಗೆ ಹೋಗಲು ಅದೇ ದಾರಿಯ ಅದೇ ಬಗೆಯ ಬಸ್ಸು ಹತ್ತಬೇಕು. ತಿರುವು ಬಂದಾಗ ಅವಳು ಎಡಗೈಯಿಂದ ನನ್ನ ರಟ್ಟೆ ಹಿಡಿಯುತ್ತಿದ್ದಳು. ಆ ಬೆರಳಿನ ಬಿಗಿ ನನಗೆ ಈಗಲೂ ನೆನಪಿದೆ.

ಮಾಲೀಕರ ಕಡೆಯವರು ಹೇಳಿದ್ದು, ಅಚ್ಚು ಮುರಿಯಿತು, ಡ್ರೈವರ್ ತಪ್ಪಿಲ್ಲ. ಮನುವಿನ ಪಟ್ಟಿಯಲ್ಲಿದ್ದ ವಿನಾಯಿತಿಯೇ ಎದ್ದು ಬಂದಂತಿತ್ತು. ಆಗಿನ ಕಾನೂನಿನಲ್ಲಿ ಡ್ರೈವರನ ತಪ್ಪು ತೋರಿಸದೆ ಒಂದು ಕಾಸೂ ಇಲ್ಲ. ಸುಪ್ರೀಂ ಕೋರ್ಟು 1977ರಲ್ಲಿ ಅದನ್ನೇ ಖಡಾಖಂಡಿತವಾಗಿ ಹೇಳಿತ್ತು. ಆದರೆ ಅದೇ ವರ್ಷ ಇನ್ನೊಂದು ತೀರ್ಪಿನಲ್ಲಿ, ನೋಡಿದರೇ ಗೊತ್ತಾಗುವ ತಪ್ಪನ್ನು ಗಾಯಾಳು ಬಿಡಿಬಿಡಿಸಿ ಸಾಬೀತು ಮಾಡಬೇಕಿಲ್ಲ, ಹೇಗಾಯಿತು ಅಂತ ಹೇಳುವ ಹೊಣೆ ಗಾಡಿಯವನದು ಅಂತಲೂ ಹೇಳಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ನಮ್ಮ ಲಾಯರಿಗೆ ಆಪದ್ಬಂಧುವಾಯಿತು. ತಮಿಳುನಾಡಿನಲ್ಲಿ ಒಂದು ಬಸ್ಸಿಗೆ ವಿದ್ಯುತ್ ತಂತಿ ತಗುಲಿ ಹಲವರು ಸತ್ತಿದ್ದರು. ಕ್ರಿಮಿನಲ್ ಕೋರ್ಟು ಡ್ರೈವರನನ್ನು ಬಿಟ್ಟಿತ್ತು. ಆದರೂ ಪರಿಹಾರ ಕೊಡಲೇಬೇಕು, ಗಾಯಾಳುಗಳನ್ನು ಸಣ್ಣಪುಟ್ಟ ತಾಂತ್ರಿಕ ಕಾರಣಕ್ಕೆ ಬರಿಗೈಯಲ್ಲಿ ಕಳಿಸಬಾರದು ಅನ್ನುವುದು ಆ ತೀರ್ಪಿನ ತಿರುಳು. ನಾನು ಅದನ್ನು ಮೂರು ಕಾರ್ಬನ್ ಇಟ್ಟು ಟೈಪ್ ಮಾಡಿ ಕಡತಕ್ಕೆ ಸೇರಿಸಿದೆ.

ಇನ್ನೊಂದು ತೊಡಕು, ಗಾಯದ ಸರ್ಟಿಫಿಕೇಟು. ಅದೇ ವೂಂಡ್ ಸರ್ಟಿಫಿಕೇಟು. ಪುತ್ತೂರು ಕಟ್ಟಿನವರು ಯಾವ ಸರ್ಟಿಫಿಕೇಟು ಕೊಟ್ಟಾರು? ಟಿಕೆಟ್ಟೂ ಇಲ್ಲ. ಅವಳು ಆ ಬಸ್ಸಿನಲ್ಲಿದ್ದಳು ಅನ್ನುವುದಕ್ಕೆ ಕೊನೆಗೆ ಆಧಾರವಾದದ್ದು ಪೊಲೀಸರು ಮಹಜರು ಬರೆಯುವಾಗ ಗಾಯಾಳುಗಳ ಸಾಲಿನಲ್ಲಿ ಅರ್ಧಂಬರ್ಧ ಬರೆದಿದ್ದ ಅವಳ ಹೆಸರು. ಆ ಸಾಲು ಇಲ್ಲದಿದ್ದರೆ ಅವಳು ಪ್ರಯಾಣಿಕಳೇ ಅಲ್ಲ. ಅಂದಿನಿಂದ ಬಸ್ಸು ಬಿತ್ತು ಅನ್ನುವ ಸುದ್ದಿ ಕೇಳಿದರೆ ಊರಿನವರಿಗೆ ನಾನು ಹೇಳುವ ಮೊದಲ ಮಾತು ಇದು: ಮೊದಲು ಸರ್ಕಾರಿ ಆಸ್ಪತ್ರೆ, ಆಮೇಲೆ ಯಾವ ಕಟ್ಟು ಬೇಕಾದರೂ ಕಟ್ಟಿಸಿ. ಪೊಲೀಸಿನವರು ಬರೆಯುವಾಗ ನಿಮ್ಮ ಹೆಸರು ಸೇರಿದೆಯೋ ಇಲ್ಲವೋ ಕೇಳಿ.

ಕೋರ್ಟು ಒಟ್ಟು 8,000 ರೂಪಾಯಿ ಕೊಡಿಸಿತು. ಕೈಗೆ ಬಂದದ್ದು 5,000. ಯಾಕೆಂದರೆ 1969ರ ತಿದ್ದುಪಡಿಯ ಪ್ರಕಾರ ಬಸ್ಸಿನ ಒಬ್ಬ ಪ್ರಯಾಣಿಕನಿಗೆ ವಿಮೆ ಕಂಪನಿ ಹೊರಬೇಕಾದ ಹೊಣೆ 5,000 ರೂಪಾಯಿ ಮಾತ್ರ. ಟ್ಯಾಕ್ಸಿಯಲ್ಲಿ ಕೂತವರಿಗಾದರೆ 10,000. ಬಸ್ಸು ಹತ್ತುವವರ ಮೈಗೆ ಟ್ಯಾಕ್ಸಿ ಹತ್ತುವವರ ಮೈಗಿಂತ ಅರ್ಧ ಬೆಲೆ ಅಂತ ಪಾರ್ಲಿಮೆಂಟೇ ಬರೆದಿಟ್ಟಿತ್ತು. ಇದನ್ನು ಮೊದಲ ಸಲ ಓದಿದಾಗ ನಾನು ತಪ್ಪು ಓದಿದೆನೇನೋ ಅಂತ ಮತ್ತೆ ಓದಿದೆ. ಉಳಿದ ಹಣ ಮಾಲೀಕನಿಂದ ವಸೂಲಾಗಬೇಕು. ಅಷ್ಟರಲ್ಲಿ ಅವರು ಬಸ್ಸು ಮಾರಿದ್ದರು. ಅಮೀನರು ಎರಡು ಸಲ ಹೋಗಿ ಬಂದರು. ಆ ಮೂರು ಸಾವಿರ ಇವತ್ತಿಗೂ ಬಂದಿಲ್ಲ.

1982ರ ಅಕ್ಟೋಬರ್ 1ರಿಂದ ಕಾನೂನು ಬದಲಾಯಿತು. ಬಸ್ ಪ್ರಯಾಣಿಕನ ಮಿತಿ 15,000ಕ್ಕೆ ಏರಿತು. ಅದಕ್ಕಿಂತ ದೊಡ್ಡ ಮಾತೆಂದರೆ, ತಪ್ಪು ಯಾರದೇ ಇರಲಿ, ಸತ್ತವರಿಗೆ 15,000, ಶಾಶ್ವತವಾಗಿ ಊನವಾದವರಿಗೆ 7,500 ತಕ್ಷಣ ಕೊಡಬೇಕು ಅನ್ನುವ ನಿಯಮ ಬಂತು. ಅಚ್ಚು ಮುರಿಯಿತು ಅನ್ನುವ ಮಾತು ಅಷ್ಟರ ಮಟ್ಟಿಗೆ ಸತ್ತುಹೋಯಿತು. ನಮ್ಮ ಲಾಯರು ಆ ಗೆಜೆಟ್ಟನ್ನು ಮೇಜಿನ ಮೇಲಿಟ್ಟು, ‘ನಿಮ್ಮ ದೊಡ್ಡಮ್ಮನ ಬಸ್ಸು ಒಂದು ವರ್ಷ ತಡವಾಗಿ ಬೀಳಬೇಕಿತ್ತಮ್ಮ’ ಅಂದು ಬಹಳ ಹೊತ್ತು ಸುಮ್ಮನೆ ಕೂತರು.

ಆ ಮಿತಿಯೇ ಪೂರ್ತಿ ಹೋದದ್ದು 1989ರ ಜುಲೈ 1ರಿಂದ, 1988ರ ಹೊಸ ಕಾಯ್ದೆ ಜಾರಿಯಾದಾಗ. ಪ್ರಯಾಣಿಕನಿಗೆ ಎಷ್ಟು ಅಂತ ತೀರ್ಮಾನವಾಗುತ್ತದೋ ಅಷ್ಟನ್ನೂ ವಿಮೆ ಹೊರಬೇಕು. ನನ್ನ ನಲವತ್ತು ವರ್ಷದಲ್ಲಿ ಬಡವರ ಪಾಲಿಗೆ ಆದ ಅತಿ ದೊಡ್ಡ ಬದಲಾವಣೆ ಇದೇ ಅನ್ನುವುದು ನನ್ನ ಎಣಿಕೆ. 1994ರ ನವೆಂಬರ್ 14ರಿಂದ ಇನ್ನೊಂದು ತಿದ್ದುಪಡಿ ಬಂತು. ತಪ್ಪಿಲ್ಲದ ಪರಿಹಾರ 50,000 ಮತ್ತು 25,000ಕ್ಕೆ ಏರಿತು, ಅರ್ಜಿ ಹಾಕುವ ಗಡುವು ತೆಗೆದುಹಾಕಿದರು. ಊನವಾದವರಿಗೆ ಲೆಕ್ಕದ ಒಂದು ಕೋಷ್ಟಕ ಬಂತು. ನೋವು ಮತ್ತು ಯಾತನೆಗೆ ಭಾರಿ ಗಾಯವಾದರೆ 5,000, ಸಣ್ಣದಾದರೆ 1,000 ಅಂತ ಅದರಲ್ಲಿ ಅಚ್ಚು ಹಾಕಿದ್ದರು. ನೋವಿನ ಎದುರಿಗೆ ಅಂಕಿ ಟೈಪ್ ಮಾಡುವಾಗ ನನಗೆ ಯಾವತ್ತೂ ಕೈ ಸರಾಗವಾಗಿ ಓಡಿಲ್ಲ.

ಆ ತಿದ್ದುಪಡಿಯಲ್ಲಿ ಹೆಚ್ಚು ಸದ್ದು ಮಾಡದ ಒಂದು ಸಾಲು ಪಾವಗಡದವರಿಗೆ ವರವಾಯಿತು. ಪಾವಗಡ ಕರ್ನಾಟಕದ ತಾಲ್ಲೂಕು, ಆದರೆ ಹೆಚ್ಚುಕಡಿಮೆ ಸುತ್ತಲೂ ಆಂಧ್ರ. ಅಲ್ಲಿಯ ಜನ ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗಕ್ಕೆ ಹೋಗಿಬಂದು ಬದುಕುವವರು. ಅಪಘಾತ ನಡೆದ ಜಾಗದ ಕೋರ್ಟಿನಲ್ಲೇ ಅರ್ಜಿ ಹಾಕಬೇಕು ಅನ್ನುವುದು ಅದುವರೆಗಿನ ನಿಯಮ. ಗಡಿಯಾಚೆ ಒಂದು ಮೈಲಿ ದೂರದಲ್ಲಿ ಬಸ್ಸು ಬಿದ್ದರೂ ಆಂಧ್ರದ ಕೋರ್ಟಿಗೇ ಅಲೆಯಬೇಕು. ಊರುಗೋಲಿನ ಮೇಲೆ ನಿಂತವರು ಎರಡು ಬಸ್ಸು ಬದಲಿಸಿ ವಾಯ್ದೆಗೆ ಹೋಗಿ, ಜಡ್ಜ್ ರಜೆ ಅಂತ ವಾಪಸು ಬಂದದ್ದನ್ನು ಕಂಡಿದ್ದೇನೆ. 1994ರ ಮೇಲೆ ಗಾಯಾಳು ತಾನು ವಾಸವಿರುವ ಕಡೆಯೇ ಅರ್ಜಿ ಹಾಕಬಹುದು ಅಂತಾಯಿತು.

ಇನ್ನು ಪ್ರಯಾಣದ ಕಾಲಂ. ನಮ್ಮ ಕಡೆ ಯಾರು ಬರೇ ಬಸ್ಸಿನಲ್ಲೇ ಓಡಾಡಿದ್ದಾರೆ? ಮದುವೆ ದಿಬ್ಬಣ ಲಾರಿಯಲ್ಲಿ, ಗೊರವನಹಳ್ಳಿ ಲಕ್ಷ್ಮಿ ದರ್ಶನಕ್ಕೆ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ, ಕಳೆ ಕೀಳಲು ಲಗೇಜ್ ಆಟೋದಲ್ಲಿ. ದಂಡಿನ ಮಾರಮ್ಮನ ಜಾತ್ರೆಗೆ ಬರುವ ಗಾಡಿಗಳನ್ನು ನೋಡಿದರೆ ಸಾಕು. ಬಸ್ಸಿಲ್ಲದ ಹೊತ್ತಿನಲ್ಲಿ ಸಿಕ್ಕಿದ್ದೇ ಗಾಡಿ. ಸರಕು ಸಾಗಿಸುವ ಗಾಡಿಯಲ್ಲಿ ಕೂತವನು ಕಾನೂನಿನ ಕಣ್ಣಿಗೆ ಪ್ರಯಾಣಿಕನೇ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಉತ್ತರ ಕೆಲವೇ ವರ್ಷದಲ್ಲಿ ಅಡಿಮೇಲಾಯಿತು. 1999ರ ಡಿಸೆಂಬರಿನಲ್ಲಿ, ಹೊಸ ಕಾಯ್ದೆಯಡಿ ಸರಕು ಗಾಡಿಯಲ್ಲಿ ಸುಮ್ಮನೆ ಕೂತವರಿಗೂ ವಿಮೆ ಇದೆ ಅಂದಿತು. ನಮ್ಮ ವಕೀಲರ ಬಾರಿನಲ್ಲಿ ಅವತ್ತು ಸಂತೋಷವೋ ಸಂತೋಷ. 2002ರ ಡಿಸೆಂಬರಿನಲ್ಲಿ ಮೂವರು ನ್ಯಾಯಮೂರ್ತಿಗಳು ಅದನ್ನು ತಳ್ಳಿಹಾಕಿದರು. 2004ರ ಜನವರಿಯಲ್ಲಿ ಇನ್ನೂ ಬಿಡಿಸಿ ಹೇಳಿದರು. 1994ರ ತಿದ್ದುಪಡಿ ಸೇರಿಸಿದ್ದು ಸರಕಿನ ಒಡೆಯನನ್ನು ಅಥವಾ ಅವನ ಪ್ರತಿನಿಧಿಯನ್ನು ಮಾತ್ರ, ಉಳಿದವರಿಗೆ ವಿಮೆ ಇಲ್ಲ.

ಹಾಗೆಂದರೆ ಏನು ಅನ್ನುವುದನ್ನು ನಾನು 2005ರಲ್ಲಿ ಕಂಡೆ. ಕಡಲೆಕಾಯಿ ಹೊತ್ತು ಮಧುಗಿರಿ ಮಾರುಕಟ್ಟೆಗೆ ಬರುತ್ತಿದ್ದ ಒಂದು ಸಣ್ಣ ಲಾರಿ ಮಗುಚಿತು. ಡ್ರೈವರನ ಪಕ್ಕದ ಸೀಟಿನಲ್ಲಿ ಒಂದೇ ಊರಿನ ಇಬ್ಬರು ಹೆಂಗಸರು. ಒಬ್ಬರದು ಹಿಂದೆ ಆರು ಚೀಲ ಕಾಯಿ ಇತ್ತು. ಇನ್ನೊಬ್ಬರು ಆಸ್ಪತ್ರೆಯಲ್ಲಿದ್ದ ಮಗಳನ್ನು ನೋಡಲು ಹೊರಟವರು. ಇಬ್ಬರಿಗೂ ತೊಡೆಯ ಮೂಳೆ ಮುರಿಯಿತು, ಇಬ್ಬರಿಗೂ ರಾಡು ಹಾಕಿದರು. ಒಂದೇ ದಿನ ಇಬ್ಬರ ಅರ್ಜಿಯನ್ನೂ ನಾನೇ ಹೊಡೆದೆ. ಎರಡನೆಯವರನ್ನು ಕಂಪನಿಯ ಲಾಯರು ಕೇಳಿದರು, ‘ನೀವು ಡ್ರೈವರಿಗೆ ದುಡ್ಡು ಕೊಟ್ರಾ?’ ಆಯಮ್ಮ ಪ್ರಾಮಾಣಿಕವಾಗಿ, ‘ಊಂ ಸ್ವಾಮಿ, ಹತ್ತು ರೂಪಾಯ್ ಕೊಟ್ಟಿವ್ನಿ, ಬಿಟ್ಟಿ ಕೂತಿಲ್ಲ’ ಅಂದರು. ಪುಕ್ಕಟೆ ಹತ್ತಿಲ್ಲ ಅನ್ನುವುದು ಆಯಮ್ಮನ ಮರ್ಯಾದೆಯ ಮಾತು. ಅದೇ ಮಾತು ಕೇಸನ್ನು ಕೆಡಿಸಿತು. ಸರಕು ಗಾಡಿಯಲ್ಲಿ ಬಾಡಿಗೆಗೆ ಜನರನ್ನು ಕೂರಿಸುವುದು ಪರ್ಮಿಟ್ಟಿನ ಉಲ್ಲಂಘನೆ. ಚೀಲ ಇದ್ದವರಿಗೆ ಕಂಪನಿ ಕೊಟ್ಟಿತು. ಚೀಲ ಇಲ್ಲದವರಿಗೆ ಮಾಲೀಕನೇ ಕೊಡಲಿ ಅಂತ ಆದೇಶವಾಯಿತು. ಮಾಲೀಕನೂ ಸಾಲ ಮಾಡಿ ಒಂದೇ ಗಾಡಿ ಇಟ್ಟುಕೊಂಡ ಹುಡುಗ. ಅವನ ಮನೆಗೆ ಜಪ್ತಿಗೆ ಹೋದ ಅಮೀನರು ಎರಡು ಮೇಕೆ, ಒಂದು ಟೀವಿ ಕಂಡು ಬಂದರು.

ಆ ಸೀಟಿನ ಮೇಲೆ ಒಟ್ಟಿಗೆ ಕೂತಿದ್ದ ಇಬ್ಬರ ನಡುವೆ ಆರು ಚೀಲ ಕಡಲೆಕಾಯಿಯ ಗೋಡೆ ಎದ್ದದ್ದನ್ನು ನಾನು ಒಪ್ಪಿಕೊಳ್ಳಲಾರೆ. ಸರಕು ಗಾಡಿ ಜನ ಹೊರಲು ಅಲ್ಲ ಅನ್ನುವುದು ಸರಿ, ಆ ಶಿಸ್ತು ಇಲ್ಲದಿದ್ದರೆ ಇನ್ನಷ್ಟು ಜನ ಸಾಯುತ್ತಾರೆ. ಆದರೆ ಆ ಶಿಸ್ತಿನ ದಂಡವನ್ನು ಕಾಲು ಮುರಿದವಳ ಕೈಯಲ್ಲಿ ಕಟ್ಟಿಸುವುದು ಸರಿಯಲ್ಲ. ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಅನ್ನುವ ದಾರಿಯನ್ನು ಸುಪ್ರೀಂ ಕೋರ್ಟೇ ಲೈಸೆನ್ಸ್ ಇಲ್ಲದ ಡ್ರೈವರುಗಳ ವಿಷಯದಲ್ಲಿ 2004ರಲ್ಲಿ ತೋರಿಸಿತ್ತು. ಸರಕು ಗಾಡಿ ಹತ್ತಬೇಕಾದ ಇಂಥ ಹೆಂಗಸರಿಗೂ ಅದೇ ದಾರಿ ತೆರೆದಿರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಸ್ಸಿನಲ್ಲೇ ಇದ್ದರೂ ಎಲ್ಲ ಸಲೀಸಲ್ಲ. ಹಿಮಾಚಲದಲ್ಲಿ 42 ಜನರ ಬಸ್ಸಿನಲ್ಲಿ ಸುಮಾರು 90 ಜನ ತುಂಬಿ ಕಂದಕಕ್ಕೆ ಬಿದ್ದ ಕೇಸಿನಲ್ಲಿ 2007ರಲ್ಲಿ ತೀರ್ಪಾಯಿತು. ಕಂಪನಿಯ ಹೊಣೆ 42 ಜನರ ಮಟ್ಟಿಗೆ. ಅತಿ ಹೆಚ್ಚಿನ 42 ಪರಿಹಾರಗಳ ಮೊತ್ತ ಕೂಡಿಸಿ ಕಟ್ಟಲಿ, ಅದನ್ನು ಎಲ್ಲರಿಗೂ ಪಾಲಿನಂತೆ ಹಂಚಲಿ, ಉಳಿದದ್ದು ಮಾಲೀಕನಿಂದ. 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಕಿಕ್ಕಿರಿದು ಬರುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿ ಕೆರೆಯ ಬಳಿ ಮಗುಚಿ ಶಾಲೆ ಕಾಲೇಜಿನ ಮಕ್ಕಳು ಸತ್ತಾಗ ನನಗೆ ಮೊದಲು ನೆನಪಾದದ್ದು ಆ 42ರ ಲೆಕ್ಕ. ಟಾಪಿನ ಮೇಲೆ ಹತ್ತುವ ಮಗು ಬೇರೆ ಬಸ್ಸಿದ್ದರೆ ಹತ್ತುತ್ತಿತ್ತೇ? ಸರ್ಕಾರಿ ಬಸ್ಸಿನದು ಬೇರೆ ಕಥೆ. ನಿಗಮದ ಬಸ್ಸುಗಳಿಗೆ ವಿಮೆಯಿಂದ ವಿನಾಯಿತಿ ಇದೆ, ಪರಿಹಾರವನ್ನು ನಿಗಮವೇ ತನ್ನ ನಿಧಿಯಿಂದ ಕೊಡಬೇಕು. ತಡವಾದರೆ ಕೋರ್ಟಿನವರು ಬಂದು ಬಸ್ಸನ್ನೇ ಜಪ್ತಿ ಮಾಡುವ ಸುದ್ದಿಯನ್ನು ರಾಜ್ಯದ ಪತ್ರಿಕೆಗಳಲ್ಲಿ ಎಲ್ಲರೂ ಓದಿರುತ್ತಾರೆ.

ಅದೇ 2022ರ ಆಗಸ್ಟ್ 25ರ ಬೆಳಗಿನ ಜಾವ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಬಳಿ ರಾಯಚೂರು ಸೀಮೆಯ ಕೂಲಿಕಾರರನ್ನು ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತಿದ್ದ ಕ್ರೂಸರ್ ಲಾರಿಗೆ ಡಿಕ್ಕಿಯಾಗಿ ಒಂಬತ್ತು ಜನ ತೀರಿಕೊಂಡರು. ಪ್ರಧಾನಿಯವರ ನಿಧಿಯಿಂದ ಸತ್ತವರ ಮನೆಗೆ 2 ಲಕ್ಷ, ಗಾಯಾಳುಗಳಿಗೆ 50,000 ಘೋಷಣೆಯಾಯಿತು. ಈ ಬಗೆಯ ಚೆಕ್ಕನ್ನೇ ಪರಿಹಾರ ಅಂದುಕೊಂಡು ಕೋರ್ಟಿಗೆ ಬಾರದವರು ಎಷ್ಟೋ ಜನ. ಅದು ದಯೆಯ ಹಣ. ಹಕ್ಕಿನ ಹಣ ಬೇರೆ, ಅದಕ್ಕೆ ಅರ್ಜಿ ಹಾಕಬೇಕು. ರಾಯಚೂರಿನವರು ರಾಯಚೂರಿನಲ್ಲೇ ಹಾಕಬಹುದು, ಶಿರಾಕ್ಕೆ ಬರಬೇಕಿಲ್ಲ. ಆದರೆ 2022ರ ಏಪ್ರಿಲ್ 1ರಿಂದ ಆ ಹಳೆಯ ಆರು ತಿಂಗಳ ಗಡುವನ್ನು ಮತ್ತೆ ತಂದಿಟ್ಟಿದ್ದಾರೆ. 27 ವರ್ಷ ಇಲ್ಲದಿದ್ದ ಬೇಲಿ ಇದು. ದೊಡ್ಡವ್ವ ಐದನೇ ತಿಂಗಳಲ್ಲಿ ಓಡಿ ಬಂದದ್ದು ನೆನಪಾಗಿ ನನಗೆ ಸಂಕಟವಾಯಿತು.

ಕೆಲಸದ ಕಾಲಮ್ಮಿಗೆ ಬರುತ್ತೇನೆ. ಸಂಬಳದವರಿಗೆ ಇದು ಸುಲಭ, ಸ್ಲಿಪ್ ಹಚ್ಚಿದರೆ ಮುಗಿಯಿತು. ಕೂಲಿಯವರ ಆದಾಯಕ್ಕೆ ಕಾಗದ ಎಲ್ಲಿದೆ? ಕೋರ್ಟು ಅಂದಾಜಿನ ಮೇಲೆ ಒಂದು ಅಂಕಿ ಹಿಡಿಯುತ್ತದೆ. ಬೆಂಗಳೂರಿನ ಒಬ್ಬ ಕೂಲಿಕಾರನ ಕೇಸಿನಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ, ಅವನು ಹೇಳಿದ ತಿಂಗಳಿಗೆ 4,500 ನಂಬುವಂಥದ್ದೇ, ಕೂಲಿಯವನನ್ನು ಕಾಗದ ಕೇಳಬೇಡಿ ಅಂದಿತು. 2014ರಲ್ಲಿ ಕಾಲು ಕಳೆದುಕೊಂಡ ನಮ್ಮ ರಾಜ್ಯದ ಒಬ್ಬ ತರಕಾರಿ ವ್ಯಾಪಾರಿಯ ಕೇಸಿನಲ್ಲೂ ಅದೇ ಮಾತು, 6,500 ಹಿಡಿಯಿತು. ಈಗ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್ತಿಗೆಂದು ಮಾಡಿದ ವರ್ಷವಾರು ಪಟ್ಟಿ ನೋಡಿ ಹಿಡಿಯುತ್ತಾರೆ.

ಇನ್ನು ಊನದ ಶೇಕಡಾವಾರು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದು ಮುಂದೆ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಬರೆದ ಎರಡು ತೀರ್ಪುಗಳನ್ನು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. 2009ರ ಸರಳಾ ವರ್ಮಾ ತೀರ್ಪು ವಯಸ್ಸಿಗೆ ತಕ್ಕ ಗುಣಕ ಗೊತ್ತು ಮಾಡಿತು. ಹದಿನೈದರಿಂದ ಇಪ್ಪತ್ತೈದಕ್ಕೆ 18, ಮೂವತ್ತಾರರಿಂದ ನಲವತ್ತಕ್ಕೆ 15, ಅರವತ್ತೈದು ದಾಟಿದರೆ 5. 2010ರ ಇನ್ನೊಂದು ತೀರ್ಪು ಗಾಯಾಳುಗಳಿಗೇ ಸಂಬಂಧಪಟ್ಟದ್ದು. ಡಾಕ್ಟರು ಬರೆಯುವ ಶೇಕಡಾವಾರು ಬೇರೆ, ದುಡಿಮೆ ಹೋದ ಶೇಕಡಾವಾರು ಬೇರೆ. ಎಡಗೈ ಹೋದ ಗುಮಾಸ್ತ ಕೆಲಸದಲ್ಲಿ ಉಳಿಯಬಹುದು, ಅದೇ ಕೈ ಹೋದ ಡ್ರೈವರ್ ಅಥವಾ ಬಡಗಿಗೆ ಬದುಕೇ ಹೋದಂತೆ.

ಅದನ್ನು ಓದಿದ ರಾತ್ರಿ ನಾನು ದೊಡ್ಡವ್ವನ ಕೈಯ ಲೆಕ್ಕ ಮಾಡಿದೆ. ತಿಂಗಳಿಗೆ ನೂರು ರೂಪಾಯಿಯಂತೆ ವರ್ಷಕ್ಕೆ 1,200. ಕೇಸಿಗೆಂದು ನೋಡಿದ ಡಾಕ್ಟರು ಬರೆದದ್ದು ಶೇಕಡಾ 20, ಅಂದರೆ 240. ಗುಣಕ 15. ಒಟ್ಟು 3,600. ಸುತ್ತಿಗೆ ಹಿಡಿಯಲಾಗದ ಹೆಂಗಸಿಗೆ ದುಡಿಮೆಯಲ್ಲಿ ಹೋದದ್ದು ಕಡಿಮೆಯೆಂದರೂ ಶೇಕಡಾ 60. ಆಗ 10,800. ಮೂರು ಪಟ್ಟು. ಕೈ ಅದೇ, ಕೂಲಿ ಅದೇ, ಪ್ರಶ್ನೆ ಮಾತ್ರ ಬೇರೆ. ಅವಳು ಆ ಹೊತ್ತಿಗೆ ತೀರಿಕೊಂಡು ಹತ್ತು ವರ್ಷವಾಗಿತ್ತು. ಕೊನೆತನಕ ಎಡಗೈಯಲ್ಲಿ ಸುತ್ತಿಗೆ ಹಿಡಿದು ದಿನಕ್ಕೆ ಬೇರೆಯವರ ಅರ್ಧದಷ್ಟು ಹಣ್ಣು ಬಿಡಿಸುತ್ತಿದ್ದಳು. ‘ನಂದೇನ್ ಬುಡವ್ವ, ಬಸ್ನಾಗೆ ಸತ್ತೋರಿಗಿಂತ ವಾಸಿ’ ಅನ್ನುತ್ತಿದ್ದಳು.

ಈಚೆಗೆ ಒಂದು ಹುಡುಗಿ ತನ್ನ ಅಮ್ಮನ ಕಾಗದ ಹಿಡಿದುಕೊಂಡು ಬಂದಳು. ಕೆಎ 64 ನಂಬರಿನ ಆಟೋ ಮಗುಚಿ ಅಮ್ಮನ ಭುಜ ಮುರಿದಿದೆ. ಕೆಲಸದ ಕಾಲಂ ಬಂದಾಗ, ‘ಅಮ್ಮ ಏನ್ ಕೆಲ್ಸ ಮಾಡ್ತಾರಮ್ಮ?’ ಅಂದೆ. ‘ಏನಿಲ್ಲ ಅಕ್ಕ, ಮನೇಲೇ ಇರ್ತಾರೆ.’

2019ರ ಸರ್ಕಾರಿ ಸಮೀಕ್ಷೆಯಲ್ಲಿ ಹೆಂಗಸರು ಸಂಬಳವಿಲ್ಲದ ಮನೆಗೆಲಸಕ್ಕೆ ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಅಂತ ಬಂದದ್ದನ್ನು ಸುಪ್ರೀಂ ಕೋರ್ಟು 2021ರ ಜನವರಿಯ ಒಂದು ಆಕ್ಸಿಡೆಂಟ್ ತೀರ್ಪಿನಲ್ಲಿ ಎತ್ತಿ ಹೇಳಿ, ಮನೆಗೆಲಸಕ್ಕೂ ಆದಾಯ ಕಟ್ಟಬೇಕು ಅಂದಿದೆ. ಅದನ್ನೆಲ್ಲ ಆ ಮಗುವಿಗೆ ಹೇಳಲಿಲ್ಲ. ಕುರ್ಚಿ ಹತ್ತಿರ ಎಳೆದು ಕೂರಿಸಿಕೊಂಡು ಕೇಳಿದೆ. ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತಾರೆ? ಹಸು ಎಷ್ಟಿವೆ? ಡೇರಿಗೆ ಹಾಲು ಹಾಕೋದು ಯಾರು? ನೀರು ಎಲ್ಲಿಂದ ತರ್ತೀರಿ? ಹುಣಸೆ ಕಾಲದಲ್ಲಿ ಕುಟ್ಟೋಕೆ ಹೋಗ್ತಾರಾ? ಯಾವ ಕೈಯಲ್ಲಿ ಕುಟ್ತಾರೆ?

ಹುಡುಗಿ ಹೇಳುತ್ತ ಹೋದಳು. ಕಾಲಂ ಸಾಲದೆ ನಾನು ಹಾಳೆ ಸೇರಿಸಿದೆ.